ನಮ್ಮಪ್ಪನ ಕಾಲದಾಗೂ ಬರ ಇತ್ತು

ಕಂಪ್ಲಿ ಸೇತುವೆಯನ್ನು ನಿಮ್ಮಲ್ಲಿ ಎಷ್ಟೋ ಜನ ಟೀವಿಯಲ್ಲೇ ನೋಡಿದ್ದೀರಿ. ತುಂಗಭದ್ರಾ ಡ್ಯಾಂನಿಂದ ಲಕ್ಷ ಕ್ಯೂಸೆಕ್‌ಗಿಂತ ಹೆಚ್ಚು ನೀರು ಬಿಟ್ಟರೆ ಸೇತುವೆ ಮುಳುಗುತ್ತೆ, ಗಂಗಾವತಿ ರಸ್ತೆ ಬಂದ್. ಹಂಪಿಯ ಪುರಂದರ ಮಂಟಪ ನೀರೊಳಗೆ. ನಾವು ಕ್ಯಾಮೆರಾ ಹಿಡ್ಕೊಂಡು ಓಡ್ತೀವಿ.

ಹಾಗೆ ಓಡಿದ್ದ ಒಂದು ಸಲ ಸೇತುವೆ ಹತ್ತಿರದ ಟೀ ಅಂಗಡಿಯಲ್ಲಿ ಒಬ್ಬ ರೈತರು ಸಿಕ್ಕರು. ಕಂಪ್ಲಿಯಲ್ಲಿ ಭತ್ತದ ಗದ್ದೆ. ಸಂಡೂರಿನ ಅದಿರಿಗೆ ಎರಡು ಟಿಪ್ಪರ್ ಬಿಟ್ಟಿದ್ದಾರೆ. "ಹವಾಮಾನ ಬದಲಾಗಿದೆ ಅನ್ಸುತ್ತಾ ಯಜಮಾನ್ರೇ?" ಅಂತ ಮೈಕ್ ಹಿಡಿದೆ.

"ನಮ್ಮಪ್ಪನ ಕಾಲದಾಗೂ ಬರ ಇತ್ತು, ಹೊಳಿ ಬಂದಿತ್ತು ಸಾರ್. ಇದೇನು ಹೊಸಾದಲ್ಲ."

ಕ್ಯಾಮೆರಾ ಆಫ್ ಆಯ್ತು, ಎರಡನೇ ಟೀ ಬಂತು. ಆಗ ಅವರೇ ಶುರು ಮಾಡಿದ್ರು: "ಮೊದ್ಲು ಮಳಿ ಹೆಸರು ನೋಡಿ ಬಿತ್ತತಿದ್ವಿ. ಈಗ ತಿಂಗಳ ಮಳಿ ಒಂದೇ ದಿನ ಸುರೀತದ, ಆಮ್ಯಾಲೆ ಪತ್ತೇನೇ ಇರಂಗಿಲ್ಲ."

ನೋಡಿ, ವಿಜ್ಞಾನಿಗಳು ಹೇಳೋದೂ ಇದನ್ನೇ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳುತ್ತೆ. ಸುರಿಸಿದಾಗ ಒಟ್ಟಿಗೆ ಸುರಿಸುತ್ತೆ. ಇಂಜಿನಿಯರಿಂಗ್‌ನಲ್ಲಿ ನಾನು ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ್ದನ್ನು ಅವರು ಗದ್ದೆ ಬದುವಿನ ಮೇಲೆ ನಿಂತು ಕಂಡುಕೊಂಡಿದ್ದರು.

ಹಾಗಾದರೆ ಕ್ಯಾಮೆರಾ ಮುಂದೆ ಯಾಕೆ ಇಲ್ಲ ಅಂದ್ರು?

ಟಿಪ್ಪರ್ ಕಂತಿಗೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಅಕ್ರಮ ಅಷ್ಟು ಬೆಳೆದಿತ್ತು, ನಿಲ್ಲಿಸಲೇಬೇಕಿತ್ತು. ಆದರೆ ಹೊಸಪೇಟೆ, ಸಂಡೂರಿನಲ್ಲಿ ಜನ ಅದನ್ನು ನೆನಪಿಟ್ಟುಕೊಂಡಿರೋದು ಲಾರಿಗಳು ಸಾಲಾಗಿ ನಿಂತ ವರ್ಷ ಅಂತ, ಸಾಲದವರು ಮನೆಗೆ ಬಂದ ವರ್ಷ ಅಂತ. ಅದಿರು ಉಕ್ಕಾಗಬೇಕಾದರೆ ಕಲ್ಲಿದ್ದಲು ಸುಡಬೇಕು. ಹವಾಮಾನ ಕೆಟ್ಟಿದೆ ಅಂತ ಒಪ್ಪಿದರೆ ಮುಂದಿನ ಪ್ರಶ್ನೆ ನೇರ ತನ್ನ ಟಿಪ್ಪರ್‌ಗೇ ಬರುತ್ತೆ. ಇದು ಅಜ್ಞಾನ ಅಲ್ಲ, ಭಯ. ಅವರನ್ನು ನಾನು ದೂರಲಾರೆ.

ದೂರಬೇಕಾದವರು ಬೇರೆ ಇದ್ದಾರೆ. ಅಮೆರಿಕದ ಎಕ್ಸಾನ್ ತೈಲ ಕಂಪನಿಯ ಸ್ವಂತ ವಿಜ್ಞಾನಿಗಳೇ 1970-80ರ ದಶಕದಲ್ಲಿ ಭೂಮಿ ಎಷ್ಟು ಬಿಸಿಯಾಗುತ್ತೆ ಅಂತ ಲೆಕ್ಕ ಹಾಕಿದ್ದರು. ಲೆಕ್ಕ ಹೆಚ್ಚುಕಮ್ಮಿ ಸರಿಯಾಗಿಯೇ ಬಂತು. ಕಂಪನಿ ಮಾತ್ರ ಹೊರಗಡೆ ವರ್ಷಗಟ್ಟಲೆ "ಇನ್ನೂ ಖಚಿತವಿಲ್ಲ" ಅನ್ನೋ ಅನುಮಾನ ಹಂಚಿತು. ಅವರಿಗೆ ಕಂತಿನ ಭಯ ಇರಲಿಲ್ಲ.

ನಮ್ಮ ರಾಜಕಾರಣಿಗಳು ಇಲ್ಲ ಅನ್ನೋದಿಲ್ಲ. ಸಸಿ ನೆಡ್ತಾರೆ, ಫೋಟೋ ತೆಗೆಸ್ಕೊಳ್ತಾರೆ. 2024ರಲ್ಲಿ ಸಂಡೂರಿನ ದೇವದಾರಿ ಬೆಟ್ಟದ ಗಣಿಗೆ ಸುಮಾರು 99 ಸಾವಿರ ಮರ ಹೋಗುತ್ತೆ ಅನ್ನೋ ಸುದ್ದಿ ಬಂದಾಗ ಜಗಳ ಯಾವ ಪಕ್ಷದ ಸಹಿ ಅನ್ನೋದರ ಮೇಲೇ ನಡೀತು. ಅದೇ ಆಗಸ್ಟ್ 10ರ ರಾತ್ರಿ ಡ್ಯಾಂನ 19ನೇ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯ್ತು. ಅದು ಹವಾಮಾನದ ತಪ್ಪಲ್ಲ, ಸ್ಪಷ್ಟವಾಗಿ ಹೇಳ್ತೀನಿ. ಚರಂಡಿ ಮಾಡಿಸದವನೂ ಈಗ "ಏನ್ ಮಾಡೋದು, ಹವಾಮಾನ ಬದಲಾವಣೆ" ಅಂತಾನೆ. ಆದರೆ 133 ಟಿಎಂಸಿಗೆ ಕಟ್ಟಿದ ಡ್ಯಾಂ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಒಂದೇ ವಾರದಲ್ಲಿ ಸುರಿಯೋ ಮಳೆಯನ್ನು ಇದು ಎಲ್ಲಿ ಇಟ್ಟುಕೊಳ್ಳುತ್ತೆ? ಈ ಪ್ರಶ್ನೆಯನ್ನು ಆ ವಾರ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಈ ವಿಷಯದ ಮೇಲೆ ಡಿಬೇಟ್ ಮಾಡಿದ್ದೆ. ಒಂದು ಕಿಟಕಿಯಲ್ಲಿ ಹವಾಮಾನ ವಿಜ್ಞಾನಿ, ಇನ್ನೊಂದರಲ್ಲಿ ಕೋಟು ಹಾಕಿದ್ದ ಒಬ್ಬ ಮಹಾಶಯರು. ಇಬ್ಬರಿಗೂ ಸಮಾನ ಸಮಯ. ಬ್ಯಾಲೆನ್ಸ್ ಅಂದುಕೊಂಡಿದ್ದೆ. ವಿಜ್ಞಾನಿ ಶೇಕಡಾವಾರು ಹೇಳ್ತಾ ತಡವರಿಸಿದರು, ಕೋಟಿನವರು ನಗುನಗುತ್ತಾ ಗೆದ್ದರು.

ಕಂಪ್ಲಿಯಿಂದ ಹೊರಡುವಾಗ ಆ ರೈತರನ್ನು ಕೇಳಿದೆ, "ನಿಮ್ಮಪ್ಪ ಹಾಗೆ ಹೇಳ್ತಿದ್ರಾ ಯಜಮಾನ್ರೇ, ಬರ ಯಾವಾಗಲೂ ಇತ್ತು ಅಂತ?"

"ಇಲ್ಲ ಸಾರ್. ನಿಮ್ಮ ಡಿಬೇಟ್‌ನಾಗ ಒಬ್ರು ಕೋಟು ಹಾಕ್ಕೊಂಡು ಬಂದಿದ್ರಲ್ಲ, ಅವ್ರು ಹೇಳಿದ್ರು."