ಬಜೆಯ ಗುಣವೂ ಮಿತಿಯೂ

ಬಜೆಯೆಂಬ ಮೂಲಿಕೆಯನ್ನು ಕುರಿತು ನಾಲ್ಕು ಮಾತುಗಳನ್ನು ಬಿನ್ನವಿಸುವೆನು.

ಸಂಸ್ಕೃತದಲ್ಲಿ ಇದಕ್ಕೆ ವಚಾ ಎಂದು ಹೆಸರು. ವಚನವೆಂಬ ಶಬ್ದವು ಯಾವ ಧಾತುವಿನಿಂದ ಹುಟ್ಟಿತೋ ಅದರಿಂದಲೇ ಇದೂ ಹುಟ್ಟಿತೆಂದು ಬಲ್ಲವರು ನಿರ್ವಚನ ಮಾಡುವರು. ಚರಕಸಂಹಿತೆಯು ಇದನ್ನು ಲೇಖನೀಯ, ಸಂಜ್ಞಾಸ್ಥಾಪನ ಮೊದಲಾದ ಗಣಗಳಲ್ಲಿ ಎಣಿಸಿದೆ. ನಾಲಗೆ ತಿರುಗಲಿ, ಬುದ್ಧಿ ಚುರುಕಾಗಲಿ ಎಂದು ಹಸುಗೂಸುಗಳಿಗೆ ಬಜೆಯನ್ನು ತೇದು ನೆಕ್ಕಿಸುವ ರೂಢಿಯು ನಮ್ಮ ಮನೆಗಳಲ್ಲಿ ಬಹುಕಾಲದಿಂದ ಬಂದಿರುವುದು. ತುಮಕೂರು ಜಿಲ್ಲೆಯ ಕೊರಟಗೆರೆ ಸೀಮೆಯ ರೈತರು ಇದನ್ನು ತೇವದ ಗದ್ದೆಗಳಲ್ಲಿ ಬೆಳೆಯುವರು.

ಇನ್ನು ಇದರೊಳಗಿರುವ ದ್ರವ್ಯವೇನೆಂದು ನೋಡೋಣ. ಬೇರೆಂದು ನಾವು ಕರೆಯುವುದು ನಿಜವಾಗಿ ಕೆಸರಿನಲ್ಲಿ ಹಬ್ಬುವ ಕಾಂಡವು. ಅದನ್ನು ನೀರಿನೊಡನೆ ಕಾಯಿಸಿ ಆವಿಯನ್ನು ತಣಿಸಿದರೆ ಸುಗಂಧತೈಲವು ದೊರೆಯುವುದು. ಆ ತೈಲದಲ್ಲಿ ಆಸರೋನ್ ಎಂಬುದು ಮುಖ್ಯವಾದುದು. ಇದು ಆಲ್ಫಾ, ಬೀಟಾ ಎಂದು ಎರಡು ಬಗೆ. ಎರಡರ ಅಣುವಿನಲ್ಲಿಯೂ ಇಂಗಾಲ 12, ಜಲಜನಕ 16, ಆಮ್ಲಜನಕ 3 ಪರಮಾಣುಗಳೇ ಇರುವುವು. ಜೋಡಣೆಯ ದಿಕ್ಕು ಮಾತ್ರ ಬೇರೆ. 24 ವರ್ಣತಂತುಗಳುಳ್ಳ ಅಮೆರಿಕದ ಬಜೆಯಲ್ಲಿ ಬೀಟಾ ಆಸರೋನ್ ಇಲ್ಲ. 36 ಉಳ್ಳ ಯೂರೋಪಿನ ಬಜೆಯಲ್ಲಿ ಅಲ್ಪ. 48 ಉಳ್ಳುದರ ತೈಲದಲ್ಲಿ ನೂರಕ್ಕೆ 70ಕ್ಕೂ ಮೀರಿರುವುದುಂಟು. ನಮ್ಮಲ್ಲಿ ದೊರೆಯುವ ಬಜೆಯು ಬಹುಮಟ್ಟಿಗೆ ಈ ದ್ರವ್ಯವು ಅಧಿಕವಾಗಿರುವಂಥದೇ.

ಇದರ ಪ್ರಭಾವವು ಸಾಮಾನ್ಯವಾದುದಲ್ಲ. ಬೀಟಾ ಆಸರೋನ್ ಸೋಕಿದ ಕೆಲವು ದವಸದ ಹುಳುಗಳು ಸಂತಾನಶಕ್ತಿಯನ್ನೇ ಕಳೆದುಕೊಳ್ಳುವುವು. 1967ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಜಮ್ಮು ಪ್ರಾಂತದ ಬಜೆಯ ತೈಲವನ್ನು ಬಹುಕಾಲ ಆಹಾರದೊಡನೆ ತಿಂದ ಇಲಿಗಳ ಕರುಳಿನಲ್ಲಿ ಗಡ್ಡೆಗಳು ಕಾಣಿಸಿಕೊಂಡುವು. 1968ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು ಆಹಾರದಲ್ಲಿ ಬಜೆಯನ್ನು ಬೆರೆಸಕೂಡದೆಂದು ವಿಧಿಸಿತು. ಇಲಿಗೆ ಆದುದೆಲ್ಲವೂ ಮನುಷ್ಯನಿಗೆ ಆಗಿಯೇ ತೀರುವುದೆಂದು ಹೇಳಲಾಗದು. ಆದರೂ ಇದನ್ನು ಅಲಕ್ಷಿಸುವುದು ವಿವೇಕವಲ್ಲ.

ಹಾಗಾದರೆ ನಮ್ಮ ಪೂರ್ವಿಕರು ತಪ್ಪಿದರೇ ಎಂದು ಕೆಲವರು ಕೇಳಬಹುದು. ಶಾಸ್ತ್ರವು ಬಜೆಯನ್ನು ಹೊಗಳಿದಂತೆಯೇ ಅದಕ್ಕೆ ಶೋಧನವನ್ನೂ ವಿಧಿಸಿದೆ. ಗೋಮೂತ್ರದಲ್ಲಿಯೂ ಕಷಾಯಗಳಲ್ಲಿಯೂ ಬೇಯಿಸಿದ ಬಳಿಕವೇ ಅದು ಔಷಧವಾಗುವುದು. ಸುಗಂಧತೈಲವು ಆವಿಯೊಡನೆ ಹೋಗುವ ಸ್ವಭಾವದ್ದಾದುದರಿಂದ ಈ ವಿಧಿಯು ಅರ್ಥವುಳ್ಳದ್ದು. ಭಾರತದ ಆಯುರ್ವೇದ ಔಷಧಸಂಹಿತೆಯು ಹೇಳುವ ಪ್ರಮಾಣವಾದರೋ 60ರಿಂದ 120 ಮಿಲಿಗ್ರಾಂ, ಎಂದರೆ ಹೆಚ್ಚೆಂದರೆ ಒಂದು ಗುಲಗಂಜಿಯ ತೂಕ. ಅದೇ ಪುಡಿಯು 1ರಿಂದ 2 ಗ್ರಾಂ ಆದರೆ ವಾಂತಿ ಮಾಡಿಸುವ ಮದ್ದು. ಬೆಳೆದವರ ಪಾಲಿಗೇ ಅಳತೆಯು ಇಷ್ಟು ಬಿಗಿಯಾಗಿರುವಾಗ, ಕೆಲವೇ ಸೇರು ತೂಗುವ ಕೂಸಿಗೆ ಸಾಣೆಕಲ್ಲಿನ ಮೇಲೆ ಎಷ್ಟು ತೇಯ್ದೆವೆಂಬ ಎಣಿಕೆಯಾದರೂ ಉಂಟೇ?

ಆದುದರಿಂದ ಮಾತೆಯರಲ್ಲಿ ನನ್ನ ಬಿನ್ನಹವಿಷ್ಟೆ: ಅಜ್ಜಿಯ ಕಾಲದಿಂದ ನಡೆದುಬಂದಿತೆಂಬ ಒಂದೇ ಕಾರಣದಿಂದ ಶೋಧಿಸದ ಬಜೆಯನ್ನು ಕೂಸಿನ ಬಾಯಿಗೆ ಇಡಬೇಡಿರಿ, ಬಜೆಯ ತುಣುಕುಗಳನ್ನು ಪೋಣಿಸಿ ಕೈಗೆ ಕಟ್ಟಿದರೂ ಕೂಸು ಅದನ್ನು ಚೀಪುವುದೆಂಬುದನ್ನು ಮರೆಯಬೇಡಿರಿ. ಬಲ್ಲ ವೈದ್ಯರನ್ನು ಕೇಳಿರಿ. ಮಾತು ಬಾರದ ಕೂಸು ತನ್ನ ಹೊಟ್ಟೆಯ ಸಂಕಟವನ್ನು ಹೇಳಲಾರದು. ಅದರ ಪರವಾಗಿ ಯೋಚಿಸಬೇಕಾದವರು ನಾವೇ.