ಕೇಳುವುದೂ ಒಂದು ಸೇವೆ
(ಬಿಟಿಎಂ ಲೇಔಟ್‌ನಲ್ಲಿ ಸ್ವಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಉಪನ್ಯಾಸ)



ನಾವು ಸೇರಿರುವ ಈ ಬಡಾವಣೆಯ ಹೆಸರಿನಲ್ಲೇ ಮೂರು ಊರುಗಳಿವೆ: ಬೈರಸಂದ್ರ, ತಾವರೆಕೆರೆ, ಮಡಿವಾಳ. ಇಲ್ಲಿನ ಬೀದಿಗಳಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು, ಮಲಯಾಳಂ, ಹಿಂದಿ ಎಲ್ಲವೂ ಇದೆ. ಮಾತಿಗೆ ಕೊರತೆಯಿಲ್ಲ. ಕೊರತೆ ಇರುವುದು ಕಿವಿಗೊಡುವವರಿಗೆ.

ನಮ್ಮ ಕನ್ನಡದಲ್ಲಿ 'ಕೇಳು' ಎಂಬ ಮಾತಿಗೆ ಎರಡು ಅರ್ಥ. ಪ್ರಶ್ನೆ ಹಾಕುವುದೂ ಕೇಳುವುದೇ, ಉತ್ತರಕ್ಕೆ ಕಿವಿಗೊಡುವುದೂ ಕೇಳುವುದೇ. ನಾವು ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟುಬಿಡ್ತೀವಿ. "ಹೇಗಿದ್ದೀಯಮ್ಮ?" ಅಂತ ಕೇಳ್ತೀವಿ, ಉತ್ತರ ಬರೋಷ್ಟರಲ್ಲಿ ಕಣ್ಣು ಮೊಬೈಲ್ ಮೇಲೆ ಇರುತ್ತೆ.

ಕೇಳದೇ ಒಳ್ಳೆಯದು ಮಾಡಲು ಹೋದರೆ ಏನಾಗುತ್ತದೆ ಎಂಬುದನ್ನು ನಮ್ಮ ಪಕ್ಕದ ಬೊಮ್ಮನಹಳ್ಳಿಯಲ್ಲೇ ನೋಡಿದ್ದೇವೆ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ತಂದಿತು. ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಿತು. ಮುಪ್ಪಿಗೆ ಹಣ ಉಳಿಯಲಿ ಎಂಬ ಲೆಕ್ಕಾಚಾರ. ಆದರೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳಲ್ಲಿ ಅಷ್ಟು ವಯಸ್ಸಿನವರೆಗೆ ಮಿಷನ್ ತುಳಿಯುವವರು ಎಷ್ಟು ಜನ? ಕೆಲಸ ಬಿಟ್ಟಾಗ ಕೈಗೆ ಬರುವ ಆ ಹಣವೇ ಮಕ್ಕಳ ಫೀಸು, ಮದುವೆ, ಸಾಲ ತೀರಿಸುವ ದಾರಿ. ಏಪ್ರಿಲ್ 18ರಂದು ಸಾವಿರಾರು ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದರು. ಮರುದಿನ ನಗರದಲ್ಲಿ ಲಾಠಿ ಬೀಸಿತು, ಬಸ್ಸುಗಳು ಸುಟ್ಟವು. ಅಂದೇ ಸರ್ಕಾರ ನಿಯಮ ಹಿಂದಕ್ಕೆ ಪಡೆಯಿತು. "ಈ ದುಡ್ಡು ನಿಮಗೆ ಯಾವಾಗ ಬೇಕಾಗುತ್ತಮ್ಮ?" ಅಂತ ಮೊದಲೇ ಕೇಳಿ, ಅವರ ಉತ್ತರದಂತೆ ನಿಯಮ ಮಾಡಿದ್ದರೆ ಇಷ್ಟೆಲ್ಲ ಬೇಕಿತ್ತೇ?

ದೊಡ್ಡವರ ವಿಷಯ ಹಾಗಿರಲಿ, ನಮ್ಮ ಸಂಘಕ್ಕೆ ಬರೋಣ. ಒಬ್ಬ ಸದಸ್ಯೆ ಎರಡು ಕಂತು ಕಟ್ಟಿಲ್ಲ ಅಂತಿಟ್ಟುಕೊಳ್ಳಿ. ಎಲ್ಲರ ಮುಂದೆ "ಯಾಕೆ ಕಟ್ಟಲಿಲ್ಲ?" ಅಂದರೆ ಅದು ಪ್ರಶ್ನೆಯಲ್ಲ, ಏಟು. ಮುಂದಿನ ವಾರ ಆಕೆ ಸಭೆಗೇ ಬರಲ್ಲ. ಬದಲಿಗೆ ಪಕ್ಕಕ್ಕೆ ಕರೆದು, "ಅಕ್ಕ, ಮನೇಲಿ ಏನಾದ್ರೂ ತೊಂದರೆನಾ?" ಎಂದು ಕೇಳಿ ಸುಮ್ಮನೆ ಕಾಯಬೇಕು. ಗಂಡನ ಕೆಲಸ ಹೋಗಿರಬಹುದು, ಮಗುವಿಗೆ ಜ್ವರ ಇರಬಹುದು. ಕಾರಣ ತಿಳಿದರೆ ಕಂತಿಗೂ ದಾರಿ ಸಿಗುತ್ತದೆ.

ಮನೆಯಲ್ಲೂ ಅಷ್ಟೇ. ಮಗ "ಸ್ಕೂಲಿಗೆ ಹೋಗಲ್ಲ" ಅಂದಾಗ ಬೈಗುಳ ಮೊದಲು ಬಾಯಿಗೆ ಬರುತ್ತೆ. ಒಂದು ನಿಮಿಷ ತಡೆಯೋಣ. ಒಲೆ ಸಣ್ಣ ಮಾಡಿ, ಟಿವಿ ಆರಿಸಿ, ಎದುರು ಕೂರೋಣ. ನಡುವೆ ಬಾಯಿ ಹಾಕುವುದು ಬೇಡ. "ನನಗೂ ಹೀಗೇ ಆಗಿತ್ತು" ಎಂದು ನಮ್ಮ ಕಥೆ ಶುರುಮಾಡುವುದೂ ಬೇಡ. ಅವನು ಮುಗಿಸಿದ ಮೇಲೆ "ನೀನು ಹೇಳ್ತಿರೋದು ಇದೇ ತಾನೆ?" ಎಂದು ಖಚಿತ ಮಾಡಿಕೊಳ್ಳೋಣ. ಬುದ್ಧಿಮಾತು ಆಮೇಲೆ, ಬೇಕಿದ್ದರೆ ಮಾತ್ರ.

ಇನ್ನೊಂದು ಮುಖ್ಯ ವಿಷಯ. ನಂಬಿ ಹೇಳಿದ ಮಾತು ನಲ್ಲಿಕಟ್ಟೆಗೆ ಹೋಗಬಾರದು. ಆದರೆ ಯಾರಾದರೂ "ಬದುಕಿ ಏನು ಪ್ರಯೋಜನ" ಎಂದರೆ ಅದನ್ನು ನಮ್ಮಲ್ಲೇ ಇಟ್ಟುಕೊಳ್ಳಬಾರದು. ಗದರಿಸದೆ, ಅವರನ್ನು ಒಂಟಿಯಾಗಿ ಬಿಡದೆ, ನೆರವು ಕರೆಯಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್ ನಮಗೆ ಹತ್ತಿರವೇ ಇದೆ.

ಮುಂದಿನ ಸಭೆಯಲ್ಲಿ ಒಂದು ಕೆಲಸ ಮಾಡೋಣ. ಲೆಕ್ಕದ ಪುಸ್ತಕ ತೆರೆಯುವ ಮೊದಲು ಹತ್ತು ನಿಮಿಷ, ಯಾವಾಗಲೂ ಮೂಲೆಯಲ್ಲಿ ಸುಮ್ಮನೆ ಕೂರುವ ಅಕ್ಕನನ್ನು ಮಾತಾಡಿಸೋಣ. ಕೇಳೋಣ, ಆಮೇಲೆ ಕೇಳಿಸಿಕೊಳ್ಳೋಣ.