ಕುಂಡ ತರೋಕೆ ಮುಂಚೆ ಒಂದು ಬಕೆಟ್ ನೀರು ಸುರಿದು ನೋಡಿ

ಇವತ್ತು ನಮ್ಮನೆ ಬಾಲ್ಕನಿ ಕಥೆ. ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟು, ಮೂರನೇ ಮಹಡಿ. ಬಾಲ್ಕನಿ 4 ಅಡಿ ಅಗಲ, 9 ಅಡಿ ಉದ್ದ. ಅಷ್ಟೇ.

ಕೀ ಸಿಕ್ಕಿದ ದಿನ ಅಮ್ಮ ಮನೆಯೆಲ್ಲ ಸುತ್ತಾಡಿ ಒಂದೇ ಮಾತು ಕೇಳಿದ್ಲು, “ಎಲ್ಲಾ ಚೆನ್ನಾಗಿದೆ ಕಣೋ, ಹಿತ್ತಲು ಎಲ್ಲಿ?” ತೀರ್ಥಹಳ್ಳಿ ಹತ್ತಿರ ನಮ್ಮ ಹಳೇ ಮನೆ ಹಿತ್ತಲಲ್ಲಿ ಕರಿಬೇವು, ದೊಡ್ಡಪತ್ರೆ, ಬಸಳೆ ಎಲ್ಲ ಇತ್ತು. ಆ ಮನೆ ಮಾರಿದ ದುಡ್ಡಲ್ಲೇ ಈ ಫ್ಲ್ಯಾಟಿಗೆ ಅಡ್ವಾನ್ಸ್ ಕಟ್ಟಿದ್ದು. ಹಾಗಾಗಿ ಆ ಪ್ರಶ್ನೆ ಎದೆಗೆ ನಾಟಿತು. “ಇಲ್ಲೇ ಮಾಡಿಕೊಡ್ತೀನಿ ಇರಮ್ಮ” ಅಂತ ಬಾಲ್ಕನಿ ತೋರಿಸಿಬಿಟ್ಟೆ.

ನನ್ನ ಪ್ಲ್ಯಾನ್ ಏನಿತ್ತು ಅಂದ್ರೆ, ರೈಲಿಂಗ್ ಉದ್ದಕ್ಕೂ ಇಟ್ಟಿಗೆ ತೊಟ್ಟಿ ಕಟ್ಟಿಸಿ ಮಣ್ಣು ತುಂಬೋದು. ಗಾರೆ ಕೆಲಸದವರಿಗೂ ಹೇಳಿಯಾಗಿತ್ತು. ಅಷ್ಟರಲ್ಲಿ ಸಿವಿಲ್ ಎಂಜಿನಿಯರ್ ಆಗಿರೋ ಗೆಳೆಯನೊಬ್ಬ ಮನೆ ನೋಡೋಕೆ ಬಂದ. ತೊಟ್ಟಿ ವಿಷಯ ಕೇಳಿದವನೇ, “ಮೊದಲು ಒಂದು ಬಕೆಟ್ ನೀರು ತಾ” ಅಂದ.

ಸುರಿದ್ವಿ. ನೀರು ಮೋರಿ ಕಡೆ ಹೋಗಬೇಕು ತಾನೇ? ನಮ್ಮಲ್ಲಿ ಸೀದಾ ಹಾಲ್ ಬಾಗಿಲ ಕಡೆ ಬಂತು! ಇಳಿಜಾರೇ ಉಲ್ಟಾ. ಇದರ ಮೇಲೆ ತೊಟ್ಟಿ ಕಟ್ಟಿದ್ರೆ ಮಳೆಗಾಲದಲ್ಲಿ ಸೋಫಾ ಕೆಳಗೆ ಕೆರೆ.

ಹೊಸ ಮನೆ ತಗೊಂಡೋರು ಇದನ್ನ ನೆನಪಿಟ್ಟುಕೊಳ್ಳಿ. 2016ರ ರೇರಾ ಕಾಯ್ದೆ ಪ್ರಕಾರ, ಮನೆ ಕೈಗೆ ಬಂದ 5 ವರ್ಷದೊಳಗೆ ಕಟ್ಟಡದಲ್ಲಾಗಲಿ, ಕೆಲಸದ ಗುಣಮಟ್ಟದಲ್ಲಾಗಲಿ ದೋಷ ಕಂಡು ತಿಳಿಸಿದರೆ, ಬಿಲ್ಡರ್ 30 ದಿನದೊಳಗೆ ದುಡ್ಡು ತಗೊಳ್ಳದೆ ಸರಿಮಾಡಿಕೊಡಬೇಕು. ಫೋನಲ್ಲಿ ಗೋಳಾಡಬೇಡಿ. ವಿಡಿಯೋ ಸಮೇತ ಇಮೇಲ್ ಮಾಡಿ. ನಾನೂ ಹಾಗೇ ಮಾಡಿದೆ. ಟೈಲ್ಸ್ ಕಿತ್ತು, ಇಳಿಜಾರು ಸರಿಮಾಡಿ, ವಾಟರ್‌ಪ್ರೂಫಿಂಗ್ ಹಾಕಿದ್ರು. ಮತ್ತೆ ಟೈಲ್ಸ್ ಕೂರಿಸೋಕೆ ಮುಂಚೆ ಮೋರಿ ಮುಚ್ಚಿ, ಒಂದಿಡೀ ದಿನ ನೀರು ನಿಲ್ಲಿಸಿ, ಕೆಳಗಿನ ಮನೆ ಸೀಲಿಂಗಲ್ಲಿ ತೇವ ಇಲ್ಲ ಅಂತ ನೋಡಿಕೊಂಡ್ವಿ.

ಎರಡನೇದು ಭಾರ. ಮನೆ ಬಾಲ್ಕನಿಗೆ ನಮ್ಮ ದೇಶದ ಮಾನದಂಡ ಲೆಕ್ಕ ಹಾಕೋದು ಚದರ ಮೀಟರಿಗೆ ಸುಮಾರು 300 ಕೆಜಿ. ನನ್ನ ತೊಟ್ಟಿ 9 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರ. ಒದ್ದೆ ಮಣ್ಣೇ 600 ಕೆಜಿ ದಾಟುತ್ತೆ. ಅದು ಕೂರೋ ಜಾಗಕ್ಕೆ ಲೆಕ್ಕ ಹಾಕಿರೋದು ಬರೀ 250 ಕೆಜಿ! ಅದೂ ತುದಿಯಲ್ಲಿ. ತುಂಬಿದ ಕೊಡಾನ ಸೊಂಟದ ಮೇಲೆ ಇಟ್ಕೊಳ್ಳೋದಕ್ಕೂ, ಕೈ ಚಾಚಿ ಹಿಡ್ಕೊಳ್ಳೋದಕ್ಕೂ ವ್ಯತ್ಯಾಸ ಇದೆ ಅಲ್ವಾ? ಗೋಡೆಯಿಂದ ಹೊರಗೆ ಚಾಚಿದ ಸ್ಲ್ಯಾಬಿಗೂ ಅಷ್ಟೇ. ಇನ್ನೊಂದು ವಿಷಯ, ಇಂಥ ಸ್ಲ್ಯಾಬಲ್ಲಿ ಮುಖ್ಯ ಕಂಬಿಗಳು ಮೇಲ್ಭಾಗದಲ್ಲೇ ಇರುತ್ತವೆ. ನೆಲಕ್ಕೆ ಡ್ರಿಲ್ ಹಾಕಬೇಡಿ.

ತೊಟ್ಟಿ ಕೈಬಿಟ್ಟೆ. ಹಗುರವಾದ ಗ್ರೋ ಬ್ಯಾಗು, ಅರ್ಧ ಮಣ್ಣು, ಇನ್ನರ್ಧ ತೆಂಗಿನ ನಾರಿನ ಪುಡಿ ಮತ್ತು ಗೊಬ್ಬರ. ಎಲ್ಲ ಗೋಡೆ ಕಡೆಗೇ, ಕೆಳಗೆ ತಟ್ಟೆ ಇಟ್ಟು. ರೈಲಿಂಗ್ ಪಕ್ಕ ಏನೂ ಇಲ್ಲ. ರೈಲಿಂಗ್ ಕನಿಷ್ಠ 1 ಮೀಟರ್ ಇರಬೇಕು ಅನ್ನೋದು ನಿಂತ ನೆಲದಿಂದ. ಅಕ್ಕನ ಮಗು ಕುಂಡ ಹತ್ತಿ ನಿಂತರೆ ಆ ಮೀಟರ್ ಎಲ್ಲಿ ಉಳೀತು?

ಮೂರನೇದು ಬಿಸಿಲು. ಇಲ್ಲಿ ನಾನು ಎಡವಿದೆ. ನಮ್ಮ ಬಾಲ್ಕನಿ ದಕ್ಷಿಣಕ್ಕಿದೆ. ಜನವರಿಯಲ್ಲಿ ಧಗಧಗ ಬಿಸಿಲು ನೋಡಿ ಕರಿಬೇವು ನೆಟ್ಟೆ. ಮೇ ಬರೋ ಹೊತ್ತಿಗೆ ಬಿಸಿಲೇ ನಾಪತ್ತೆ! ಬೆಂಗಳೂರಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರ್ತಾನೆ. ಆಗ ಬಿಸಿಲು ಉತ್ತರದ ಬಾಲ್ಕನಿಗೆ. ಒಂದು ದಿನ ನೋಡಿ ಗಿಡ ತರಬೇಡಿ, ಯಾವ ತಿಂಗಳು ಎಲ್ಲಿ ಬಿಸಿಲು ಅಂತ ಯೋಚಿಸಿ.

ಕರಿಬೇವು ಇನ್ನೂ ಮುನಿಸಿಕೊಂಡೇ ಇದೆ. ದೊಡ್ಡಪತ್ರೆ ಮಾತ್ರ ಅರೆ ನೆರಳಲ್ಲೂ ಹುಲುಸಾಗಿ ಬೆಳೀತು. ಹೋದ ವಾರ ಅಮ್ಮ ಹತ್ತು ಎಲೆ ಕಿತ್ತು ತಂಬುಳಿ ಮಾಡಿದ್ಲು. “ಇದು ಹಿತ್ತಲಲ್ಲ ಬಿಡು” ಅಂದ್ಲು. ಆಮೇಲೆ ಬಡಿಸ್ತಾ, “ಬಸಳೆಗೂ ಒಂದು ಚೀಲ ತಾರೋ” ಅಂದ್ಲು.

ನನಗೆ ಅಷ್ಟು ಸಾಕು. ನಿಮ್ಮ ಬಾಲ್ಕನಿಗೂ ಇವತ್ತೇ ಒಂದು ಬಕೆಟ್ ನೀರು ಸುರಿದು ನೋಡಿ.